ಫಿಶರ್‌ನ ಹುಚ್ಚು ಮತ್ತು ನಮ್ಮ ಚಪ್ಪಾಳೆ

"ಮಾಣಿಗೆ ಚೆಸ್ ಹುಚ್ಚು ಹಿಡದ್ದು. ಜಾಸ್ತಿ ಆಡಿದ್ರೆ ತಲೆ ಕೆಡ್ತಡ, ಹೌದಾ?" ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಪಾಲಕರು ಹೀಗೆ ಕೇಳುವುದುಂಟು. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಡಿ. ಗುಕೇಶ್ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದಾಗ ಇಲ್ಲಿಯ ಮನೆಗಳಲ್ಲೂ ಚೌಕದ ಹಲಗೆಗಳು ಹೊರಬಂದವು. ಆಸೆಯ ಹಿಂದೆಯೇ ಈ ಅಂಜಿಕೆಯೂ ಬಂತು. ಅಂಜಿಕೆಗೆ ಕಾರಣವಾದ ಕತೆ ಬಾಬಿ ಫಿಶರ್‌ನದು.

ಆ ಕತೆಯನ್ನು ನಾವು ತಪ್ಪಾಗಿ ಹೇಳುತ್ತ ಬಂದಿದ್ದೇವೆ. "ಮಹಾ ಬುದ್ಧಿವಂತ, ಕೊನೆಗೆ ಹುಚ್ಚನಾದ" ಎಂದು ಒಂದೇ ಉಸಿರಿನಲ್ಲಿ ಮುಗಿಸುತ್ತೇವೆ. ಒಂದು ಇನ್ನೊಂದಕ್ಕೆ ಕಾರಣ ಎಂಬಂತೆ.

ಫಿಶರ್ ಹುಟ್ಟಿದ್ದು 1943ರಲ್ಲಿ, ಶಿಕಾಗೋದಲ್ಲಿ. ಬೆಳೆದದ್ದು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ. ತಾಯಿ ರೆಜೀನಾ ಒಬ್ಬಳೇ ದುಡಿದು ಇಬ್ಬರು ಮಕ್ಕಳನ್ನು ಸಾಕಿದವಳು. ಅವಳ ರಾಜಕೀಯ ಒಲವಿನ ಕಾರಣಕ್ಕೆ ಅಮೆರಿಕದ ಗುಪ್ತದಳ ವರ್ಷಗಟ್ಟಲೆ ಅವಳ ಬೆನ್ನು ಹತ್ತಿತ್ತು. 6ನೇ ವಯಸ್ಸಿಗೆ ಕೈಗೆ ಬಂದ ಚೆಸ್ಸೇ ಹುಡುಗನಿಗೆ ಗೆಳೆಯನಾಯಿತು. 13ಕ್ಕೆ ಡೊನಾಲ್ಡ್ ಬೈರ್ನ್ ಎದುರು ರಾಣಿಯನ್ನೇ ಬಿಟ್ಟುಕೊಟ್ಟು ಗೆದ್ದ. 14ಕ್ಕೆ ಅಮೆರಿಕದ ಚಾಂಪಿಯನ್, 15ಕ್ಕೆ ಗ್ರ್ಯಾಂಡ್‌ಮಾಸ್ಟರ್. 16ಕ್ಕೆ ಶಾಲೆ ಬಿಟ್ಟ. ಮುಂದೆ ತಾಯಿಯೂ ಆ ಮನೆಯಿಂದ ಹೊರಟುಹೋದಳು. ಹದಿಹರೆಯದ ಹುಡುಗ ಚೆಸ್ ಪುಸ್ತಕಗಳ ರಾಶಿಯ ನಡುವೆ ಒಬ್ಬನೇ ಉಳಿದ. ಊಟ ಮಾಡಿದೆಯಾ, ನಿದ್ದೆ ಬಂತಾ ಎಂದು ಕೇಳುವವರು ಯಾರಿದ್ದರು? ಅವನ ಬಗ್ಗೆ ಓದುವಾಗಲೆಲ್ಲ ನನ್ನ ಮನಸ್ಸು ಈ ವರ್ಷಗಳಲ್ಲೇ ನಿಂತುಬಿಡುತ್ತದೆ, 1972ರ ಗೆಲುವಿನ ಮೇಲಲ್ಲ.

ಆದರೂ 1972ನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹಿಂದಿನ ವರ್ಷವಷ್ಟೇ ಅರ್ಹತಾ ಪಂದ್ಯಗಳಲ್ಲಿ ತೈಮನೋವ್‌ನನ್ನು 6-0, ಲಾರ್ಸನ್‌ನನ್ನು 6-0 ಅಂತರದಲ್ಲಿ ಸೋಲಿಸಿ ಬಂದಿದ್ದ. ಆ ಮಟ್ಟದಲ್ಲಿ ಅಂಥದ್ದನ್ನು ಯಾರೂ ಕಂಡುಕೇಳಿರಲಿಲ್ಲ. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ವಿಶ್ವ ಚಾಂಪಿಯನ್, ಸೋವಿಯತ್ ಒಕ್ಕೂಟದ ಬೋರಿಸ್ ಸ್ಪಾಸ್ಕಿ ಕಾಯುತ್ತಿದ್ದ. ಫಿಶರ್ ಹಣ ಸಾಲದೆಂದು ಹೊರಡಲೊಲ್ಲ. ಬ್ರಿಟನ್ನಿನ ಶ್ರೀಮಂತ ಜಿಮ್ ಸ್ಲೇಟರ್ ಬಹುಮಾನವನ್ನು ಇಮ್ಮಡಿ ಮಾಡಿದ. ಅಮೆರಿಕದ ಅಧ್ಯಕ್ಷರ ಸಲಹೆಗಾರ ಹೆನ್ರಿ ಕಿಸಿಂಜರ್ ಫೋನ್ ಮಾಡಿ ಹುರಿದುಂಬಿಸಿದ. ಮೊದಲ ಆಟ ಸೋತ ಫಿಶರ್, ಕ್ಯಾಮೆರಾಗಳ ಕಿರಿಕಿರಿಯೆಂದು ಎರಡನೆಯದಕ್ಕೆ ಬರಲೇ ಇಲ್ಲ. 2-0 ಮುನ್ನಡೆಯೊಂದಿಗೆ ಸ್ಪಾಸ್ಕಿ ಊರಿಗೆ ಮರಳಬಹುದಿತ್ತು. ಮರಳಲಿಲ್ಲ. ಮೂರನೆಯ ಆಟವನ್ನು ವೇದಿಕೆಯ ಹಿಂದಿನ ಸಣ್ಣ ಕೋಣೆಯಲ್ಲಿ ಆಡಲು ಒಪ್ಪಿದ, ಸೋತ. ಆರನೆಯ ಆಟ ಸೋತಾಗ ಪ್ರೇಕ್ಷಕರ ಜೊತೆ ತಾನೂ ಚಪ್ಪಾಳೆ ತಟ್ಟಿದ. ಕೊನೆಗೆ ಫಿಶರ್ 12.5-8.5ರಿಂದ ಗೆದ್ದ.

ಅವನ ಹಟವನ್ನು ಆಗ ಜಗತ್ತು ಸೊಗಸು ಎಂದಿತು. ಕುರ್ಚಿ, ದೀಪ, ಸದ್ದು ಎಂದು ಅವನು ಎತ್ತಿದ ತಕರಾರೆಲ್ಲ ಪತ್ರಿಕೆಗಳಿಗೆ ರಸಗವಳವಾಯಿತು. ಶೀತಲ ಸಮರದಲ್ಲಿ ಅಮೆರಿಕಕ್ಕೆ ಅವನು ಬೇಕಾಗಿದ್ದ. ಬೇಕಾದವನ ಬೇನೆ ಯಾರಿಗೂ ಕಾಣಲಿಲ್ಲ. 1975ರಲ್ಲಿ ತನ್ನ ಷರತ್ತುಗಳೆಲ್ಲ ಈಡೇರಲಿಲ್ಲವೆಂದು ಪಟ್ಟ ಉಳಿಸಿಕೊಳ್ಳಲು ಆಡಲೇ ಇಲ್ಲ, ಅದು ಸವಾಲುಗಾರ ಕಾರ್ಪೋವ್‌ಗೆ ಹೋಯಿತು. 1972ರ ಪಂದ್ಯದ ನಂತರ ಸುಮಾರು 20 ವರ್ಷ ಫಿಶರ್ ಒಂದೂ ಅಧಿಕೃತ ಆಟ ಆಡಲಿಲ್ಲ.

1992ರಲ್ಲಿ, ನಿರ್ಬಂಧದಲ್ಲಿದ್ದ ಯುಗೋಸ್ಲಾವಿಯಾದಲ್ಲಿ ಸ್ಪಾಸ್ಕಿಯ ಜೊತೆ ಮತ್ತೆ ಆಡಿದ. ಆಡಬೇಡವೆಂದ ಅಮೆರಿಕ ಸರ್ಕಾರದ ಪತ್ರದ ಮೇಲೆ ಪತ್ರಕರ್ತರ ಎದುರೇ ಉಗುಳಿದ. ಬಂಧನದ ವಾರಂಟ್ ಹೊರಟಿತು, ಅವನು ಸ್ವದೇಶಕ್ಕೆ ಮರಳಲಿಲ್ಲ. 1997ರಲ್ಲಿ ತಾಯಿ ತೀರಿಕೊಂಡಾಗಲೂ ಬರಲಾಗಲಿಲ್ಲ. ಯಹೂದಿ ತಾಯಿಯ ಮಗನಾದ ಇವನು ಯಹೂದಿಗಳ ವಿರುದ್ಧ ರೇಡಿಯೋದಲ್ಲಿ ವಿಷ ಕಾರಿದ, ಹಿಟ್ಲರನ ನರಮೇಧ ನಡೆದೇ ಇಲ್ಲ ಎಂದ. 2001ರ ಸೆಪ್ಟೆಂಬರ್ 11ರ ದಾಳಿಯನ್ನು ಫಿಲಿಪ್ಪೀನ್ಸ್‌ನ ರೇಡಿಯೋ ಕೇಂದ್ರವೊಂದರಲ್ಲಿ ಹೊಗಳಿದ. ಸಾವಿರಾರು ಜನ ಸತ್ತ ದಿನ ಹಾಗೆ ಮಾತಾಡಿದ್ದಕ್ಕೆ ಯಾವ ಪ್ರತಿಭೆಯೂ ರಿಯಾಯಿತಿ ಕೊಡಿಸಲಾರದು. ಕೊಡಲೂಬಾರದು.

ಈಗ ಅಭಿಮಾನಿಗಳು ಕಾಯಿಲೆಯಿಂದ ಆಡಿದ ಮಾತು ಎಂದು ಎಲ್ಲ ಒರೆಸುತ್ತಾರೆ. ವಿರೋಧಿಗಳು ಆ ಮಾತು ಹಿಡಿದು ಮನುಷ್ಯನನ್ನೇ ಒರೆಸುತ್ತಾರೆ. ನಮ್ಮ ಘಟ್ಟದ ತಾಳಮದ್ದಳೆಯ ಶ್ರೋತೃಗಳಿಗೆ ಇವೆರಡೂ ಸಣ್ಣತನವೆಂದು ಗೊತ್ತಾಗಬೇಕು. ಗದಾಯುದ್ಧ ಪ್ರಸಂಗದ ಕೌರವನ ಮಾತಿಗೆ ಬೆಳಗಿನ ಜಾವದವರೆಗೆ ಕಿವಿಗೊಟ್ಟು ಕೂರುವವರು ನಾವು. ಅವನ ಛಲಕ್ಕೆ ತಲೆದೂಗುತ್ತೇವೆ, ಒಂಟಿತನಕ್ಕೆ ಮರುಗುತ್ತೇವೆ. ಹಾಗೆಂದು ದ್ರೌಪದಿಗೆ ಆದದ್ದನ್ನು ಮರೆತು ಎದ್ದು ಬರುವುದಿಲ್ಲ. ಅಷ್ಟು ದೊಡ್ಡ ಮನಸ್ಸಿನಿಂದ ಫಿಶರ್‌ನನ್ನೂ ನೋಡಬೇಕೆಂಬುದು ನನ್ನ ಆಗ್ರಹ.

ಚೆಸ್‌ನಿಂದ ತಲೆ ಕೆಡುತ್ತದೆಂಬ ಮಾತಿಗೆ ಮಾತ್ರ ಆಧಾರವಿಲ್ಲ. 19ನೇ ಶತಮಾನದ ಚೆಸ್ ಆಟಗಾರ ಪಾಲ್ ಮಾರ್ಫಿಯ ಕೊನೆಗಾಲದ ಮನೋವ್ಯಥೆಯನ್ನೂ ಫಿಶರ್‌ನ ಕತೆಯನ್ನೂ ಗಂಟುಹಾಕಿ ಅದನ್ನು ಹೆಣೆದದ್ದಾಗಿದೆ. ಅದೇ ಆಟ ಆಡಿದ ಸ್ಪಾಸ್ಕಿ 88 ವರ್ಷ ಬದುಕಿ 2025ರಲ್ಲಿ ತೀರಿಕೊಂಡ. ವಿಶ್ವನಾಥನ್ ಆನಂದ್ ನಮ್ಮ ಕಣ್ಣೆದುರೇ ಇದ್ದಾರೆ. ಚೆಸ್ ಇಲ್ಲದ ಮನೆಗಳಲ್ಲೂ ಮನಸ್ಸು ಮುರಿಯುತ್ತದೆ. ಫಿಶರ್‌ಗೆ ಚೆಸ್ ಆಸರೆಯೇ ಆಗಿತ್ತು. ಅದನ್ನು ಬಿಟ್ಟ ಮೇಲಿನ ವರ್ಷಗಳೇ ಅವನ ಬದುಕಿನ ಅತಿ ಕತ್ತಲೆಯ ವರ್ಷಗಳು.

2004ರಲ್ಲಿ ಜಪಾನಿನ ನರಿಟಾ ವಿಮಾನ ನಿಲ್ದಾಣದಲ್ಲಿ ಅವನ ಬಂಧನವಾದಾಗ ಸ್ಪಾಸ್ಕಿ ಅಮೆರಿಕದ ಅಧ್ಯಕ್ಷ ಬುಷ್‌ಗೆ ಪತ್ರ ಬರೆದ: ನಾನೂ ಅದೇ ತಪ್ಪು ಮಾಡಿದ್ದೇನೆ, ನನ್ನನ್ನೂ ಬಂಧಿಸಿ ಅದೇ ಕೋಣೆಯಲ್ಲಿಡಿ, ಒಂದು ಚೆಸ್ ಸೆಟ್ ಕೊಡಿ ಎಂಬ ಅರ್ಥದಲ್ಲಿ. ಪಟ್ಟ ಕಳೆದುಕೊಂಡವನು ಕಸಿದವನಿಗಾಗಿ ಬರೆದದ್ದಿದು. 2005ರಲ್ಲಿ ಐಸ್‌ಲ್ಯಾಂಡ್ ಫಿಶರ್‌ಗೆ ಪೌರತ್ವ ಕೊಟ್ಟು ಕರೆಸಿಕೊಂಡಿತು. ಅಲ್ಲಿ ಮೂತ್ರಪಿಂಡದ ಕಾಯಿಲೆಗೆ ಚಿಕಿತ್ಸೆ ಬೇಡವೆಂದ. ಕೊನೆಯ ದಿನಗಳಲ್ಲಿ ಜೊತೆಗಿದ್ದವರಲ್ಲಿ ಮ್ಯಾಗ್ನುಸ್ ಸ್ಕೂಲಸನ್ ಒಬ್ಬ. ವೃತ್ತಿಯಲ್ಲಿ ಮನೋವೈದ್ಯನಾದರೂ ಅಲ್ಲಿದ್ದುದು ಸ್ನೇಹಿತನಾಗಿ. 2008ರ ಜನವರಿ 17ರಂದು ಫಿಶರ್ ತೀರಿಕೊಂಡ, 64ಕ್ಕೆ. ಅಂಥ ಒಬ್ಬ ಸ್ನೇಹಿತ 17ನೇ ವಯಸ್ಸಿಗೇ ಸಿಕ್ಕಿದ್ದರೆ ಎಂಬ ಹಳಹಳಿ ನನ್ನನ್ನು ಬಿಟ್ಟಿಲ್ಲ.

ಗುಕೇಶ್ ಕೂಡ 4ನೇ ತರಗತಿಯ ನಂತರ ನಿಯಮಿತವಾಗಿ ಶಾಲೆಗೆ ಹೋದವನಲ್ಲ. ಆದರೆ ಟೂರ್ನಿಗಳಿಗೆ ಜೊತೆಯಾಗಲು ವೈದ್ಯ ತಂದೆ ತಮ್ಮ ವೃತ್ತಿಯನ್ನೇ ಬದಿಗಿಟ್ಟರು, ವಿಶ್ವ ಪಂದ್ಯಕ್ಕೆ ಮುನ್ನ ಮಾನಸಿಕ ತರಬೇತಿಗೆ ಪ್ಯಾಡಿ ಅಪ್ಟನ್ ಇದ್ದರು. ನಮ್ಮ ತಾಲೂಕುಗಳ ಮಕ್ಕಳಿಗೆ ಅಷ್ಟೆಲ್ಲ ಎಲ್ಲಿಂದ ತರುವುದು ಎನ್ನಬೇಡಿ. ಟೂರ್ನಿ ಸೋತು ಬಂದ ಮಗು ಎರಡು ದಿನ ಮಾತಾಡದಿದ್ದರೆ ರೇಟಿಂಗ್ ಎಷ್ಟು ಇಳಿಯಿತೆಂದು ಕೇಳುವ ಮೊದಲು ಪಕ್ಕದಲ್ಲಿ ಕೂತು ಊಟ ಮಾಡಿ. ನಿದ್ದೆಗೆಟ್ಟರೆ, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎನ್ನತೊಡಗಿದರೆ "ಜಾಣರು ಹಾಂಗೇ" ಎಂದು ಬಿಡಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಚೆಸ್ ಕ್ಲಾಸಿನ ಗೋಡೆಯ ಮೇಲೆ ಚಾಂಪಿಯನ್ನರ ಚಿತ್ರಗಳ ಸಾಲಿನಲ್ಲಿ ಈ ಸಂಖ್ಯೆಯನ್ನೂ ದೊಡ್ಡದಾಗಿ ಬರೆದಿಡಿ ಎಂದು ತರಬೇತುದಾರರನ್ನು ಕೇಳಿಕೊಳ್ಳುತ್ತೇನೆ.