ಎದೆಯ ಮೇಲಿನ ಬಾವುಟ

ಸ್ಕಾಟ್ಲೆಂಡಿನ ಗಂಡಸರು ಉಡುವ ಕಿಲ್ಟ್ ಎಂಬ ನೆರಿಗೆಯುಡುಪಿನ ಮುಂಸೆರಗಿನ ಕೆಳಮೂಲೆಗೆ ಒಂದು ಪಿನ್ನು ಇರುವುದು ವಾಡಿಕೆ. ಊರೂರು ಸುತ್ತಿ ಕೂಡಿಹಾಕಿದ ಪಿನ್ನುಗಳನ್ನು ಆ ಉಡುಪಿನೊಡನೆ ಮೆರೆಸುವ ಶೋಕಿಯವರೂ ಉಂಟು. ನಮ್ಮವರಿಗೂ ಈ ಶೋಕಿ ಅಪರಿಚಿತವಲ್ಲ. ಆಗಸ್ಟ್ 15ರಂದು ಹುಬ್ಬಳ್ಳಿಯ ಶಾಲೆಗಳಲ್ಲಿ ಪುಟ್ಟ ತ್ರಿವರ್ಣದ ಪಿನ್ನು ಧರಿಸಿದ ಮಕ್ಕಳನ್ನು ಕಾಣಬಹುದು.

ಆದರೆ ಸ್ಥಾನದ ವಿಷಯದಲ್ಲಿ ನಮ್ಮ ಕಾನೂನು ನಿಷ್ಠುರವಾದುದು. 1971ರ ಕಾಯಿದೆಗೆ 2005ರಲ್ಲಿ ಬಂದ ತಿದ್ದುಪಡಿಯಂತೆ ರಾಷ್ಟ್ರಧ್ವಜವನ್ನು ಸೊಂಟದಿಂದ ಕೆಳಗೆ ಧರಿಸಕೂಡದು. ಕಿಲ್ಟಿನ ಮೂಲೆ ಅದಕ್ಕೆ ಸಲ್ಲದು. ಎದೆಯೇ ತಕ್ಕ ಎಡೆ.

ಈ ನಿಷ್ಠುರದ ಮರ್ಮವನ್ನರಿಯಲು ದೂರ ಹೋಗಬೇಕಾಗಿಲ್ಲ. ಧಾರವಾಡದ ಬಳಿಯ ಗರಗದ ಕೈಮಗ್ಗಗಳು ಧ್ವಜದ ಖಾದಿಗೆ ಹೆಸರಾದವು. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಸ್ಥಾಪಿತವಾದ ಖಾದಿ ಸಂಘವು ಬಾವುಟವನ್ನು ಸಿದ್ಧಪಡಿಸುತ್ತದೆ. ನಿಗದಿಯಾದ ಒಂಬತ್ತು ಅಳತೆಗಳಲ್ಲಿ ಅತಿ ಚಿಕ್ಕದು 150×100 ಮಿಲಿಮೀಟರು. ಅದರ ಚಕ್ರಕ್ಕೂ 24 ಅರಗಳು ಇರಲೇಬೇಕು. 2021ರ ಡಿಸೆಂಬರಿನಲ್ಲಿ ಯಂತ್ರನಿರ್ಮಿತ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ದೊರೆತಾಗ, ನೂಲುವ ಕೈಗಳ ಅನ್ನಕ್ಕೇ ಸಂಚಕಾರ ಬಂದಿತೆಂದು ಸಂಘವು ಪ್ರತಿಭಟಿಸಿತು.

ಬೆಳಿಗ್ಗೆ ಎದೆಯೇರಿದ ಬಾವುಟ ಸಂಜೆ ಚರಂಡಿಗೆ ಬಿದ್ದರೆ ಆ ಕೈಗಳ ದುಡಿಮೆಗೂ ಅವಮಾನವೇ. ಧರಿಸುವುದು ಸುಲಭ, ತೆಗೆದು ಜೋಪಾನವಾಗಿಡುವುದರಲ್ಲಿದೆ ಗೌರವ.