ಪರದೆಗೆ ಶಿಳ್ಳೆ, ಪಕ್ಕದೂರಿಗೆ ಮೌನ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಯಾವ ಬಸ್ ಸ್ಟ್ಯಾಂಡಿಗೆ ಹೋದರೂ ಸಿನಿಮಾ ಮಾತಿಗೆ ಬರವಿಲ್ಲ. ರಾಜಕೀಯದ ಮಾತಿಗಂತೂ ಕೇಳೋದೇ ಬೇಡ. ಪುಸ್ತಕದ ಮಾತು ಕಡಿಮೆ; ಪ್ರಶಸ್ತಿ ಗಿಶಸ್ತಿ ಬಂದರೆ ಅದೂ ಟೀ ಲೋಟದ ಜೊತೆ ಒಂದು ಸುತ್ತು ಬರುತ್ತೆ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಜಿಲ್ಲೆಯ ಜನರ ಮನಸ್ಸು ಎಲ್ಲಿದೆ ಅನ್ನೋದು ತಿಳಿಯುತ್ತೆ.

2023ರ ಡಿಸೆಂಬರ್ 29ರಂದು ತರುಣ್ ಸುಧೀರ್ ನಿರ್ದೇಶನದ 'ಕಾಟೇರ' ಬಂತು. ಕಥೆ ಎಪ್ಪತ್ತರ ದಶಕದ್ದು. ದೇವರಾಜ ಅರಸು ತಂದ 'ಉಳುವವನೇ ಹೊಲದೊಡೆಯ' ಕಾನೂನು ಅದರ ಬೆನ್ನೆಲುಬು. ಗೇಣಿದಾರರ ಪರವಾಗಿ ನಾಯಕ ಎದ್ದು ನಿಂತಾಗ ಟಾಕೀಸಿನಲ್ಲಿ ಶಿಳ್ಳೆಯೋ ಶಿಳ್ಳೆ. ಆ ಶಿಳ್ಳೆಗೆ ಅರ್ಥವಿತ್ತು. 1974ರ ಮಾರ್ಚ್ 1ಕ್ಕೆ ಜಾರಿಯಾದ ಆ ತಿದ್ದುಪಡಿಯಿಂದ ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿ ಕೂತವು, ಏಳನೇ ನಮೂನೆ ಅರ್ಜಿ ಹಾಕಿದವರ ಹೆಸರು ಪಹಣಿಗೆ ಏರಿತು. ಈಗ ಅಂಗಡಿ ಇಟ್ಟುಕೊಂಡು ನೆಮ್ಮದಿಯಾಗಿರುವ ಎಷ್ಟೋ ಮನೆಗಳ ಮೊದಲ ಬಂಡವಾಳ ಆ ನಾಲ್ಕೆಕರೆಯೇ.

ಆದರೆ ಅದೇ ಭೂಸುಧಾರಣೆ ಕಾಯ್ದೆಗೆ 2020ರಲ್ಲಿ ಕತ್ತರಿ ಬಿತ್ತು. ರೈತರಲ್ಲದವರು ಬೇಸಾಯದ ಜಮೀನು ಕೊಳ್ಳಬಾರದು, ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ಮೀರಿದವರು ಕೊಳ್ಳಬಾರದು ಎಂದು ಇದ್ದ ಬೇಲಿಯನ್ನು ಕಿತ್ತು ಹಾಕಿದರು. 79ಎ, 79ಬಿ ಕಲಮುಗಳು ಹೋದವು. ತಂದದ್ದು ಬಿಜೆಪಿ ಸರ್ಕಾರ. ಆ ಡಿಸೆಂಬರಿನಲ್ಲಿ ಮೇಲ್ಮನೆಯಲ್ಲಿ ಕೈ ಜೋಡಿಸಿದ್ದು ಜೆಡಿಎಸ್. ಸದನದಲ್ಲಿ ಕೂಗಾಡಿ ವಿರೋಧಿಸಿದ್ದು ಕಾಂಗ್ರೆಸ್. ಅದೇ ಕಾಂಗ್ರೆಸ್ 2023ರಲ್ಲಿ ಗದ್ದುಗೆ ಏರಿತು. ಎರಡು ವರ್ಷ ಕಳೆದರೂ ಆ ತಿದ್ದುಪಡಿ ಕೂತಲ್ಲೇ ಕೂತಿತ್ತು. ಮೂರು ಪಕ್ಷಕ್ಕೂ ಸಮಪಾಲು! ಇದಕ್ಕೆ ಮಾತ್ರ ಯಾವ ಟಾಕೀಸಿನಲ್ಲೂ ಯಾರೂ ಶಿಳ್ಳೆ ಹಾಕಲಿಲ್ಲ, ಛೀ ಅಂತಲೂ ಅನ್ನಲಿಲ್ಲ.

ಇನ್ನು ಚನ್ನರಾಯಪಟ್ಟಣ ಹೋಬಳಿಯ ಕಥೆ. ಏರೋಸ್ಪೇಸ್ ಪಾರ್ಕಿಗೆಂದು 13 ಹಳ್ಳಿಗಳ 1,777 ಎಕರೆ ಬೇಕು ಎಂದು ಕೆಐಎಡಿಬಿ ನೋಟಿಸು ಕೊಟ್ಟಿತು. 2022ರ ಏಪ್ರಿಲ್ 4ರಂದು ರೈತರು ಧರಣಿ ಕೂತರು. ಮಳೆ, ಬಿಸಿಲು, ಹಬ್ಬ, ಸಾವು ಎಲ್ಲವೂ ಆ ಪೆಂಡಾಲಿನಲ್ಲೇ ಕಳೆದವು. ಸರ್ಕಾರ ಬದಲಾಯಿತು, ನೋಟಿಸು ಬದಲಾಗಲಿಲ್ಲ. 2025ರ ಜೂನ್ 25ರಂದು ದೇವನಹಳ್ಳಿಯಲ್ಲಿ ಪೊಲೀಸರು ಪ್ರತಿಭಟನಾಕಾರರನ್ನು ಎತ್ತಿ ವ್ಯಾನಿಗೆ ತುಂಬಿದ ಮೇಲೆ ರಾಜ್ಯಕ್ಕೆಲ್ಲ ಎಚ್ಚರವಾಯಿತು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟೆವು ಎಂದರು. ಅಷ್ಟರಲ್ಲಿ 1,198 ದಿನ ಆಗಿತ್ತು. ಸಿನಿಮಾ ಮೂರು ಗಂಟೆಯಲ್ಲಿ ಮುಗಿಯುತ್ತೆ, ಇದು ಮೂರು ವರ್ಷ ದಾಟಿತು. ನಾಯಕನೂ ಇಲ್ಲ, ಫೈಟೂ ಇಲ್ಲ, ಇಂಟರ್‌ವಲ್ಲೂ ಇಲ್ಲ.

ಗಲ್ಲಾದ ಮುಂದೆ ಕೂತವರ ವಾದವೂ ಒಂದಿದೆ. ಫ್ಯಾಕ್ಟರಿ ಬಂದರೆ ಗಿರಾಕಿ ಬರ್ತಾರೆ, ಹುಡುಗರಿಗೆ ಕೆಲಸ ಸಿಗುತ್ತೆ, ಬೋರ್‌ವೆಲ್ ಬತ್ತಿದ ನೆಲ ಇಟ್ಕೊಂಡು ಏನು ಮಾಡೋದು ಅಂತ. ಸುಳ್ಳೇನಲ್ಲ. ಸಾಲ ತಲೆಗೆ ಬಂದವರು, ಮಕ್ಕಳು ಹೊಲದ ಕಡೆ ತಲೆ ಹಾಕದವರು ಮಾರಲಿ ಬಿಡಿ, ಅದು ಅವರ ಇಷ್ಟ. ಆದರೆ ಲೆಕ್ಕ ಸ್ವಲ್ಪ ಪೂರ್ತಿ ಹಾಕಬೇಕು. ಪರಿಹಾರದ ದುಡ್ಡು ಒಂದೇ ಸಲ ಬರುತ್ತೆ. ಮನೆ, ಕಾರು, ಮದುವೆ, ಅಲ್ಲಿಗೆ ಖಲಾಸ್. ದ್ರಾಕ್ಷಿ, ತರಕಾರಿ, ರೇಷ್ಮೆಗೂಡಿನ ದುಡ್ಡು ಬೆಳೆ ಬೆಳೆಗೂ ಬಂದು ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ, ಕಿರಾಣಿ ಅಂಗಡಿಗೆ ಹಂಚಿಹೋಗುತ್ತೆ. ಇಂಥ ಗಿರಾಕಿಯನ್ನು ಕಳಕೊಂಡರೆ ಅಂಗಡಿಯವರಿಗೇ ಮೊದಲು ಪೆಟ್ಟು.

ಜುಲೈ 15ರ ಮಾತಿಗೂ ಒಂದು ಬಾಲ ಇತ್ತು: ಸ್ವಇಚ್ಛೆಯಿಂದ ಕೊಡುವವರ ಜಮೀನು ತಗೋತೀವಿ ಅಂತ. 2020ರ ತಿದ್ದುಪಡಿಯನ್ನು ಇದರ ಪಕ್ಕಕ್ಕೆ ಇಟ್ಟರೆ ವಿಷಯ ಅರ್ಥವಾಗುತ್ತೆ. ನೋಟಿಸಿನಿಂದ ಹೋಗದ ನೆಲ ಬ್ರೋಕರ್ ಕೈಯಿಂದ ಎಕರೆ ಎಕರೆಯಾಗಿ ಹೋಗಬಹುದು. ಅದಕ್ಕೆ ಧರಣಿ ಕೂರೋದಾದರೂ ಯಾರ ಮುಂದೆ?

ಪುಸ್ತಕದ ಕಥೆಯೂ ಇಂಥದ್ದೇ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 12 ಕತೆಗಳು ಅವು. ಸೆಪ್ಟೆಂಬರಿನಲ್ಲಿ ಅವರು ದಸರಾ ಉದ್ಘಾಟಿಸಬಹುದೋ ಬಾರದೋ ಅನ್ನೋ ತಕರಾರು ಸುಪ್ರೀಂ ಕೋರ್ಟಿನ ತನಕ ಹೋಗಿ ಬಿದ್ದುಹೋಯಿತು. ಪರ ಕೂಗಿದವರಲ್ಲೂ, ವಿರೋಧ ಕೂಗಿದವರಲ್ಲೂ ಆ ಕತೆ ಓದಿದವರನ್ನು ಹುಡುಕಬೇಕಾಗಿತ್ತು. ಬಾನು ಬಂದದ್ದು ಬಂಡಾಯ ಸಾಹಿತ್ಯದಿಂದ. ಆ ಬಂಡಾಯ ಕಟ್ಟಿದವರಲ್ಲಿ ಒಬ್ಬರು ದೊಡ್ಡಬಳ್ಳಾಪುರದ ನೇಕಾರರ ಮನೆಯ ಡಿ.ಆರ್. ನಾಗರಾಜ್. ಊರಿನವರೇ ಅವರನ್ನು ಎಷ್ಟು ಓದಿದ್ದಾರೆ, ಕೇಳಿ ನೋಡಿ.

2025ರ ಜುಲೈ 2ರಂದು ನಂದಿ ಬೆಟ್ಟದಲ್ಲಿ ಸೇರಿದ ಸಂಪುಟ, ಬೆಂಗಳೂರು ಗ್ರಾಮಾಂತರವನ್ನು ಬೆಂಗಳೂರು ಉತ್ತರ ಮಾಡೋಣ ಅಂತ ತೀರ್ಮಾನಿಸಿತು. 1986ರಿಂದ ಇದ್ದ 'ಗ್ರಾಮ' ಹೆಸರಿನಿಂದ ಹೋಗಲಿ. ನೆಲದಿಂದಲೂ ಹೋಗಬೇಕೋ ಅನ್ನೋದನ್ನು ಸಂಪುಟ ಒಂದೇ ತೀರ್ಮಾನ ಮಾಡಬಾರದು. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮುಂದೆ ಓಟು ಕೇಳಲು ಅಂಗಡಿ ಬಾಗಿಲಿಗೆ ಬರುವವನು ಯಾವ ಪಕ್ಷದವನೇ ಆಗಿರಲಿ, ಕೈಮುಗಿಸಿಕೊಳ್ಳುವ ಮುಂಚೆ ಒಂದು ಮಾತು ಕೇಳಬೇಕು: 2020ರ ತಿದ್ದುಪಡಿಗೆ ನೀನು ಏನಂತೀಯಪ್ಪಾ? ಸರಿಯಾದ ಉತ್ತರ ಕೊಟ್ಟವನಿಗೆ ಬೇಕಾದರೆ ಶಿಳ್ಳೆ ಹಾಕಲಿ.