ಹಲ್ಲಿಗೆ ಹ್ಯಾಂಗೆ ಕಾಣ್ತು?

ಮಳೆಗಾಲದಲ್ಲಿ ನಮ್ಮ ಶಿರಸಿ ಕಡೆ ಕರೆಂಟು ಹೋದರೆ ಬರುವ ಹೊತ್ತು ಹೇಳುವಂತಿಲ್ಲ. ಮೊನ್ನೆ ರಾತ್ರಿ ಸಣ್ಣ ದೀಪವೊಂದನ್ನು ಹಚ್ಚಿಕೊಂಡು ಜಗಲಿಯಲ್ಲಿ ಕುಳಿತಿದ್ದೆವು. ಕತ್ತಲ ಮೂಲೆಯಲ್ಲಿದ್ದ ಹುಳುವನ್ನು ಹಲ್ಲಿ ಗಬಕ್ಕನೆ ಹಿಡಿಯಿತು. ಐದನೇ ತರಗತಿಯ ಮೊಮ್ಮಗ ಕೇಳಿದ: "ಅಜ್ಜಾ, ಕತ್ಲಲ್ಲಿ ಅದಕ್ಕೆ ಹ್ಯಾಂಗೆ ಕಾಣ್ತು?"

ಮಕ್ಕಳೇ, ಹಗಲಲ್ಲಿ ಹಲ್ಲಿಯ ಕಣ್ಣು ನೋಡಿ. ಕರಿಯ ಪಾಪೆ ನೆಟ್ಟಗೆ ನಿಂತ ಗೆರೆಯಷ್ಟು ಸಪೂರ. ಕತ್ತಲಾದಂತೆ ಅದು ಅಗಲವಾಗಿ ತೆರೆದು, ಇದ್ದಷ್ಟು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ರೆಪ್ಪೆ ಇಲ್ಲದ್ದರಿಂದ ನಾಲಿಗೆಯಿಂದಲೇ ಕಣ್ಣು ಒರೆಸಿಕೊಳ್ಳುತ್ತದೆ!

ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸಲು ಶಂಕುಕೋಶಗಳಿವೆ, ಮಬ್ಬಿನಲ್ಲಿ ನೋಡಲು ದಂಡಕೋಶಗಳಿವೆ. ಶಂಕುಕೋಶಕ್ಕೆ ಬೆಳಕು ಹೆಚ್ಚು ಬೇಕು. ಅದಕ್ಕೇ ಮಂದ ಬೆಳದಿಂಗಳಲ್ಲಿ ನಮಗೆ ದಾಸವಾಳದ ಕೆಂಪು ಕಾಣದು. ಹಲ್ಲಿಯ ಪೂರ್ವಜರು ಹಗಲಲ್ಲೇ ಓಡಾಡಿ ದಂಡಕೋಶಗಳನ್ನು ಕಳೆದುಕೊಂಡಿದ್ದರು. ಮುಂದೆ ಇರುಳಿಗೆ ಇಳಿದಾಗ ಇದ್ದ ಶಂಕುಕೋಶಗಳೇ ದೊಡ್ಡದಾಗಿ ಕತ್ತಲಿಗೆ ಒಗ್ಗಿದವು. 2004ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಲೀನಾ ರಾತ್, ಆಲ್ಮುಟ್ ಕೆಲ್ಬರ್ ಎಂಬ ವಿಜ್ಞಾನಿಗಳು ಆಫ್ರಿಕಾದ ಒಂದು ಜಾತಿಯ ಹಲ್ಲಿಯನ್ನು ಪರೀಕ್ಷಿಸಿದರು. ಮಂದ ಬೆಳದಿಂಗಳಷ್ಟು ಬೆಳಕಲ್ಲೂ ಅದು ಬಣ್ಣ ಗುರುತಿಸಿತು. ಬಣ್ಣ ನೋಡುವುದರಲ್ಲಿ ಅದರ ಕಣ್ಣು ನಮ್ಮದಕ್ಕಿಂತ ಸುಮಾರು 350 ಪಟ್ಟು ಸೂಕ್ಷ್ಮವಂತೆ.

ನಮ್ಮ ಸಿದ್ದಾಪುರ, ಯಲ್ಲಾಪುರದ ಕಾಡಿನ ಗುಳಿಮಂಡಲದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಎರಡೂ ಬದಿ ಒಂದೊಂದು ಗುಳಿ. ಒಳಗೆ ತೆಳ್ಳನೆಯ ಪೊರೆ. ಇಲಿಯ ಮೈಯ ಬಿಸಿ ಆ ಪೊರೆಗೆ ತಾಗಿದರೆ ಸಾಕು, ಕಗ್ಗತ್ತಲಲ್ಲೂ ಇಲಿ ಎಲ್ಲಿದೆಯೆಂದು ಹಾವಿಗೆ ಗೊತ್ತು. ನಮ್ಮ ಮೈಯೂ ಬಿಸಿಯೇ ಅಲ್ಲವೇ?

ಆದ್ದರಿಂದ ದರಕಿನ ರಾಶಿಗೆ ಬರಿಗೈ ಹಾಕಬೇಡಿ. ರಾತ್ರಿ ಟಾರ್ಚ್ ಇಲ್ಲದೆ ಅಂಗಳಕ್ಕೂ ಇಳಿಯಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಕಚ್ಚಿದ ಕೈಕಾಲು ಅಲ್ಲಾಡಿಸದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹಾವನ್ನು ಹೊಡೆಯುತ್ತ ಹೊತ್ತು ಕಳೆಯಬಾರದು.

ಇಷ್ಟೆಲ್ಲ ಹೇಳಿ ನಾನು ಎದ್ದು, ರೂಢಿಯಂತೆ ಕತ್ತಲಲ್ಲೇ ಕೊಟ್ಟಿಗೆಗೆ ಹೊರಟೆ. "ಟಾರ್ಚ್ ಎಲ್ಲಿ?" ಎಂದ ಮೊಮ್ಮಗ. "ಐವತ್ತು ವರ್ಷ ನಡೆದ ದಾರಿ, ನಂಗೆ ಗೊತ್ತಿದ್ದು" ಎಂದೆ.

"ದಾರಿ ಗೊತ್ತಿದ್ದು ಅಜ್ಜಾ. ಆದ್ರೆ ಹಾವಿಗೆ ನೀನು ಕಾಣ್ತೆ, ನಿಂಗೆ ಹಾವು ಕಾಣ್ತಿಲ್ಲೆ!"

ಸುಮ್ಮನೆ ಟಾರ್ಚ್ ಈಸಿಕೊಂಡೆ. ಅಜ್ಜ ಅಜ್ಜಿಯರೇ, ನಿಮ್ಮ ಟಾರ್ಚಿನ ಸೆಲ್ ಸರಿ ಇದೆಯೇ, ಇವತ್ತೇ ನೋಡಿಕೊಳ್ಳಿ.